ಸೆಂಟರ್ ಸ್ಪೀಕರ್ ಮನೆಯಲ್ಲೇ ಕಟ್ಟುವವರಿಗೆ: ಮರ ಕೊಯ್ಯುವುದು ಮೂರನೇ ವಾರದ ಕೆಲಸ

ಹೋದ ವರ್ಷ ಚಿಕ್ಕಮಗಳೂರಿನ ನಮ್ಮ ಮನೆಗೆ ನಾಲ್ಕು ಜನ ನಾಲ್ಕು ಬಾಕ್ಸ್ ಹೊತ್ತುಕೊಂಡು ಬಂದರು. ಒಬ್ಬರು ಮೂಡಿಗೆರೆಯವರು, ಒಬ್ಬರು ಬೇಲೂರಿನವರು, ಇಬ್ಬರು ಹಾಸನದವರು. ನಾಲ್ಕೂ ಸ್ವಂತ ಕೈಯಿಂದ ಕಟ್ಟಿದ, ಹೋಂ ಥಿಯೇಟರಿನಲ್ಲಿ ಟಿ.ವಿ. ಕೆಳಗೆ ಕೂತು ಮಾತು ನುಡಿಸುವ ಸೆಂಟರ್ ಸ್ಪೀಕರ್‌ಗಳು. ಪಾಲಿಶ್ ನೋಡಿದರೆ ಅಂಗಡಿ ಸರಕು ನಾಚಬೇಕು. ದೂರು ಮಾತ್ರ ಒಂದೇ. ಹಾಡು ಚೆನ್ನಾಗಿ ಬರುತ್ತೆ, ಮಾತು ತಿಳಿಯಲ್ಲ. ಸೋಫಾದ ನಡುವೆ ಕೂತವರಿಗೆ ಪರವಾಗಿಲ್ಲ. ತುದಿಯಲ್ಲಿ ಕೂತ ಅಜ್ಜಿ ಮಾತ್ರ ಪ್ರತಿ ಡೈಲಾಗಿಗೂ "ಏನಂದ ಅವ್ನು?" ಅಂತ ಕೇಳುತ್ತಾರೆ.

ನಾಲ್ವರೂ ಹೋದ ದಾರಿ ಒಂದೇ. ಮೊದಲು ಬಾಕ್ಸ್ ಮಾಡಿಸಿದರು. ಆಮೇಲೆ ಅದರ ತೂತಿಗೆ ಕೂರುವ ಡ್ರೈವರ್, ಅಂದರೆ ಕೆಳಸ್ವರಕ್ಕೆ ವೂಫರ್, ಮೇಲುಸ್ವರಕ್ಕೆ ಟ್ವೀಟರ್ ಹುಡುಕಿದರು. ಕೊನೆಗೆ ಇಂಟರ್ನೆಟ್ಟಿನ ಕ್ಯಾಲ್ಕುಲೇಟರಿನಲ್ಲಿ, ಸದ್ದನ್ನು ಆ ಎರಡಕ್ಕೆ ಹಂಚುವ ಕ್ರಾಸ್‌ಓವರ್ ಲೆಕ್ಕ ಹಾಕಿ ಬೆಸುಗೆ ಹಾಕಿದರು. ಆಗಬೇಕಾದ ಕ್ರಮ ಬೇರೆ: ಜಾಗ, ಡ್ರೈವರ್, ಬಾಕ್ಸ್, ಅಳತೆ, ಆಮೇಲೆ ಕ್ರಾಸ್‌ಓವರ್. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಹಿಂದೆ ಮುಂದೆ ಮಾಡಬೇಡಿ.

## ಶುರು ಮಾಡುವ ಮೊದಲು ಬೇಕಾಗುವ ಸಾಮಾನು

ಮರಗೆಲಸಕ್ಕೆ: ವೃತ್ತ ಕೊಯ್ಯುವ ಜಿಗ್ ಇರುವ ರೌಟರ್, ಮೂಲೆಮಟ್ಟ, ನಾಲ್ಕಾದರೂ ಕ್ಲ್ಯಾಂಪ್, ಉಪ್ಪುಕಾಗದ, ಡ್ರಿಲ್. ರೌಟರ್ ಇಲ್ಲದಿದ್ದರೆ ಕೊಳ್ಳಲೇಬೇಕು ಅಂತಿಲ್ಲ. ಮಾಡ್ಯುಲರ್ ಕಿಚನ್ ಕೆಲಸ ಮಾಡುವ ಆಚಾರ್ರ ಹತ್ತಿರ ಇರುತ್ತೆ. ಅರ್ಧ ದಿನದ ಕೂಲಿ ಕೊಟ್ಟು ಕೂರಿಸಿಕೊಳ್ಳಿ.

ವಿದ್ಯುತ್ ಕೆಲಸಕ್ಕೆ: ಕೆಪಾಸಿಟರ್ ಅಳೆಯುವ ಮಲ್ಟಿಮೀಟರ್, ಕಾಯಿಲ್ ಅಳೆಯಲು ಒಂದು ಸಣ್ಣ ಎಲ್‌ಸಿಆರ್ ಮೀಟರ್, ಬೆಸುಗೆ ಐರನ್.

ಇನ್ನೊಂದು, ಎಲ್ಲರೂ ಬಿಡುವುದು ಇದನ್ನೇ: ಅಳತೆಯ ಮೈಕ್. ಯುಮಿಕ್-1 ತರಹದ, ಕ್ಯಾಲಿಬ್ರೇಶನ್ ಫೈಲ್ ಜೊತೆ ಬರುವ ಯುಎಸ್‌ಬಿ ಮೈಕ್. ಅದರ ಬೆಲೆ ಕೇಳಿ "ಇದಕ್ಕೊಂದು ವೂಫರ್ ಬರ್ತಿತ್ತಲ್ಲ" ಅನ್ನುವವರು ಜಾಸ್ತಿ. ಮೈಕ್ ಇಲ್ಲದೆ ಕ್ರಾಸ್‌ಓವರ್ ಮಾಡುವುದು ತೂಕದ ಬಟ್ಟು ಇಲ್ಲದೆ ಕಾಫಿ ವ್ಯಾಪಾರ ಮಾಡಿದ ಹಾಗೆ. ಕೊಳ್ಳಲು ಆಗದಿದ್ದರೆ ಯಾರ ಹತ್ತಿರವಾದರೂ ಎರಡು ದಿನಕ್ಕೆ ಇಸ್ಕೊಳ್ಳಿ. ಅದೂ ಆಗದಿದ್ದರೆ ಹಂತ 7 ಮತ್ತು 8 ಬಿಟ್ಟು, ಕ್ರಾಸ್‌ಓವರ್ ಸಮೇತ ಪೂರ್ತಿ ವಿನ್ಯಾಸ ಮಾಡಿಟ್ಟ ಕಿಟ್ ತಂದು ಕಟ್ಟಿ. ಅದರಲ್ಲಿ ನಾಚಿಕೆ ಏನಿಲ್ಲ.

ಸಾಫ್ಟ್‌ವೇರ್ ಮೂರೂ ಪುಕ್ಕಟೆ. ಬಾಕ್ಸಿನ ಲೆಕ್ಕಕ್ಕೆ ವಿನ್‌ಐಎಸ್‌ಡಿ, ಅಳತೆಗೆ ರೂಮ್ ಇಕ್ಯೂ ವಿಝರ್ಡ್, ಕ್ರಾಸ್‌ಓವರಿಗೆ ವಿಟುಯಿಕ್ಸ್‌ಕ್ಯಾಡ್.

## ಹಂತ 1: ಟೇಪು ಹಿಡಿದು ಹಾಲಿನಲ್ಲಿ ಓಡಾಡಿ

ನಾಲ್ಕು ಅಳತೆ ಬರೆದುಕೊಳ್ಳಿ. ಟಿ.ವಿ. ಕೆಳಗೆ ಸಿಗುವ ಎತ್ತರ. ಅಲ್ಲಿಂದ ಸೋಫಾಗೆ ದೂರ. ಸೋಫಾದ ಅಗಲ. ಕೂತಾಗ ನೆಲದಿಂದ ಕಿವಿಯ ಎತ್ತರ.

ನಮ್ಮ ಹಾಲನ್ನೇ ಉದಾಹರಣೆಗೆ ತಗೊಳ್ಳಿ. ದೂರ 3 ಮೀಟರ್. ಸೋಫಾದ ಎರಡು ತುದಿ ನಡುವಿನಿಂದ 1 ಮೀಟರ್ ಆಚೀಚೆ. ಅಂದರೆ ತುದಿಯಲ್ಲಿ ಕೂತವರು ಸ್ಪೀಕರಿನ ನೇರದಿಂದ ಸುಮಾರು 18 ಡಿಗ್ರಿ ಪಕ್ಕಕ್ಕೆ ಇರುತ್ತಾರೆ. ಈ 18 ಡಿಗ್ರಿ ನೆನಪಿರಲಿ, ಮುಂದಿನ ಹಂತ ಪೂರ್ತಿ ಇದರ ಮೇಲೆ ನಿಂತಿದೆ.

ಟಿ.ವಿ. ಕೆಳಗೆ 35 ಸೆಂ.ಮೀ. ಎತ್ತರ ಇದೆಯಾ? ಇದ್ದರೆ ಅರ್ಧ ಕೆಲಸ ಹಗುರಾಯಿತು. ಇಲ್ಲದಿದ್ದರೆ ಟಿ.ವಿ.ಯನ್ನು ನಾಲ್ಕಿಂಚು ಮೇಲಕ್ಕೆ ಏರಿಸಲು ಆಗುತ್ತಾ ನೋಡಿ. ಗೋಡೆಗೆ ನಾಲ್ಕು ಹೊಸ ತೂತು ಕೊರೆಯುವುದು ಮೂರು ತಿಂಗಳು ಕ್ರಾಸ್‌ಓವರ್ ಜೊತೆ ಗುದ್ದಾಡುವುದಕ್ಕಿಂತ ಸುಲಭ.

## ಹಂತ 2: ಅಡ್ಡ ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ

ಸೆಂಟರ್ ಸ್ಪೀಕರ್ ಅಂದ ಕೂಡಲೇ ಕಣ್ಣಿಗೆ ಬರುವ ಆಕಾರ ಯಾವುದು? ಆ ಕಡೆ ಒಂದು ವೂಫರ್, ಈ ಕಡೆ ಒಂದು, ನಡುವೆ ಟ್ವೀಟರ್, ಉದ್ದಕ್ಕೆ ಮಲಗಿದ ಪೆಟ್ಟಿಗೆ. ನಮ್ಮ ಮನೆಗೆ ಬಂದ ನಾಲ್ಕೂ ಇದೇ. ಅಜ್ಜಿಗೆ ಮಾತು ಕೇಳಿಸದೆ ಇದ್ದದ್ದೂ ಇದರಿಂದಲೇ.

ಲೆಕ್ಕ ಹಾಕೋಣ. ಎರಡು ವೂಫರ್‌ಗಳ ನಡುವಿನ ಅಂತರ 28 ಸೆಂ.ಮೀ. ಅನ್ನಿ. ನೇರ ಕೂತವರಿಗೆ ಎರಡರ ಸದ್ದೂ ಒಟ್ಟಿಗೆ ಮುಟ್ಟುತ್ತೆ. 18 ಡಿಗ್ರಿ ಪಕ್ಕದಲ್ಲಿ ಕೂತವರಿಗೆ ಒಂದರ ಸದ್ದು ಇನ್ನೊಂದಕ್ಕಿಂತ ಸುಮಾರು 9 ಸೆಂ.ಮೀ. ಹೆಚ್ಚು ದೂರ ನಡೆದು ಬರುತ್ತೆ. 1,900 ಹರ್ಟ್ಸ್ ಸುತ್ತ 9 ಸೆಂ.ಮೀ. ಅಂದರೆ ಸರಿಯಾಗಿ ಅರ್ಧ ತರಂಗ. ಒಂದು ವೂಫರ್ ಗಾಳಿಯನ್ನು ತಳ್ಳುವಾಗ ಇನ್ನೊಂದರದ್ದು ಎಳೆಯುತ್ತಿರುತ್ತೆ, ಎರಡೂ ಸೇರಿ ಸೊನ್ನೆ. 30 ಡಿಗ್ರಿಗೆ ಹೋದರೆ ಅದೇ ಗುಂಡಿ 1,200 ಹರ್ಟ್ಸ್ ಹತ್ತಿರಕ್ಕೆ ಇಳಿಯುತ್ತೆ. ಮಾತಿನ ತಿರುಳು ಇರುವುದು ಸರಿಯಾಗಿ ಈ ಜಾಗದಲ್ಲೇ. ರಿಸೀವರಿನ (ಸ್ಪೀಕರ್‌ಗಳನ್ನು ನುಡಿಸುವ ಆಂಪ್ಲಿಫೈಯರ್) ಈಕ್ವಲೈಸರ್ ಇದನ್ನು ತುಂಬಲಾರದು. ಎಷ್ಟು ಕೊಟ್ಟರೂ ಎರಡೂ ವೂಫರ್ ಅಷ್ಟೇ ಹೆಚ್ಚಿಸಿ, ಅಷ್ಟೇ ಕಳೆದುಬಿಡುತ್ತವೆ.

ಪರಿಹಾರ ಸರಳ. ಒಂದು ವೂಫರ್, ಅದರ ಮೇಲೆ ಒಂದು ಟ್ವೀಟರ್. ನೆಟ್ಟಗೆ ನಿಂತ ಪುಟ್ಟ ಪೆಟ್ಟಿಗೆ. ಆಗ ಗುಂಡಿ ಬೀಳುವುದು ಮೇಲೆ ಕೆಳಗೆ, ಪಕ್ಕಕ್ಕಲ್ಲ. ಜನ ಕೂರುವುದು ಸಾಲಾಗಿ ಪಕ್ಕಪಕ್ಕದಲ್ಲಿ, ಒಬ್ಬರ ತಲೆ ಮೇಲೆ ಒಬ್ಬರಲ್ಲ, ಅಲ್ವಾ? ಖರ್ಚೂ ಕಡಿಮೆ. ರಿಸೀವರಿಗೆ 8 ಓಮಿನ ಹಗುರ ಹೊರೆ.

"ಒಂದೇ ವೂಫರ್ ಸಾಕಾಗುತ್ತಾ?" ಅಂತ ಕೇಳುತ್ತಾರೆ. ಸಬ್‌ವೂಫರ್ ಇದ್ದು, 80 ಹರ್ಟ್ಸ್‌ಗಿಂತ ಕೆಳಗಿನದು ಅದಕ್ಕೆ ಹೋಗುವಂತಿದ್ದರೆ, ಸಾಧಾರಣ ಹಾಲಿಗೆ ಆರೂವರೆ ಇಂಚಿನ ಒಳ್ಳೆಯ ವೂಫರ್ ಒಂದೇ ಧಾರಾಳ.

ಎತ್ತರ 20 ಸೆಂ.ಮೀ. ಮಾತ್ರ ಇದ್ದು ಟಿ.ವಿ. ಏರಿಸುವ ಹಾಗೂ ಇಲ್ಲದಿದ್ದರೆ ಎರಡು ದಾರಿ ಉಳಿಯುತ್ತವೆ. ವೂಫರಿನ ಮಧ್ಯದಲ್ಲೇ ಟ್ವೀಟರ್ ಕೂತಿರುವ ಕೋಯಾಕ್ಸಿಯಲ್ ಡ್ರೈವರ್ ಒಂದು. ಎರಡು ವೂಫರ್‌ಗಳ ನಡುವೆ ಸಣ್ಣ ಮಿಡ್‌ರೇಂಜ್, ಅದರ ನೆತ್ತಿಯ ಮೇಲೆ ಟ್ವೀಟರ್ ಇಡುವ ತ್ರೀ-ವೇ ಇನ್ನೊಂದು. ಎರಡನೆಯದು ಮೊದಲ ಸಲ ಕಟ್ಟುವವರ ಕೆಲಸ ಅಲ್ಲ.

ಡ್ರೈವರ್ ಕೊಳ್ಳುವಾಗ ನೋಡಬೇಕಾದ್ದು: ಕಂಪನಿಯ ಡೇಟಾ ಶೀಟ್ ಇದೆಯಾ, ಅದರಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಮೂರೂ ಕೊಟ್ಟಿದ್ದಾರಾ. ಡ್ರೈವರ್ ತಾನಾಗಿ ಅನುರಣಿಸುವ ಹರ್ಟ್ಸ್ ಮೊದಲನೆಯದು, ಆ ಅನುರಣನ ಎಷ್ಟು ಹಿಡಿತದಲ್ಲಿದೆ ಅನ್ನುವುದು ಎರಡನೆಯದು, ಕೋನಿನ ತೂಗಾಟದಷ್ಟೇ ಬಿಗಿ ಇರುವ ಗಾಳಿಯ ಲೀಟರ್ ಮೂರನೆಯದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೂ ಸರಿ, ಆನ್‌ಲೈನ್ ತರಿಸಿದರೂ ಸರಿ, ಬರೀ "500 ವಾಟ್" ಅಂತ ಬರೆದು ಬೇರೇನೂ ಹೇಳದ ಡ್ರೈವರ್ ಬೇಡ. ಕ್ಯೂಟಿಎಸ್ 0.35ರಿಂದ 0.45ರ ಒಳಗಿದ್ದರೆ ಸಣ್ಣ ಸೀಲ್ಡ್ (ಗಾಳಿಗೂ ಸಂದಿ ಇಲ್ಲದ) ಪೆಟ್ಟಿಗೆಗೆ ಹೊಂದುತ್ತೆ. ನಮ್ಮ ಕಡೆ ಹವೆಗೆ ಪಾಲಿಪ್ರಾಪಿಲೀನ್ ಅಥವಾ ಲೇಪನ ಕೊಟ್ಟ ಕಾಗದದ ಕೋನ್ ಒಳ್ಳೆಯದು. ಎಡ ಬಲ ಸ್ಪೀಕರ್‌ಗಳನ್ನೂ ನೀವೇ ಕಟ್ಟಿದ್ದರೆ ಅದೇ ಟ್ವೀಟರ್ ಹಾಕಿ. ಕಾರು ಎಡದಿಂದ ಬಲಕ್ಕೆ ಓಡುವಾಗ ನಡುವೆ ಅದರ ದನಿ ಬದಲಾಗಬಾರದು.

## ಹಂತ 3: ಬಾಕ್ಸಿನ ಲೆಕ್ಕ

ಸೀಲ್ಡ್ ಬಾಕ್ಸೇ ಇರಲಿ, ಪೋರ್ಟ್ (ಗಾಳಿ ಓಡಾಡುವ ಕೊಳವೆ) ಬೇಡ. ಕಾರಣ ಮೂರು. ಟಿ.ವಿ. ಸ್ಟ್ಯಾಂಡಿನ ಗೂಡಿನಲ್ಲಿ ಇಟ್ಟಾಗ ಪೋರ್ಟ್ ಗುಂಯ್‌ಗುಡುತ್ತೆ. ಸೀಲ್ಡ್ ಬಾಕ್ಸ್ 80 ಹರ್ಟ್ಸ್ ಹತ್ತಿರ ತಾನಾಗಿ ಮೆಲ್ಲಗೆ ಇಳಿಯುವುದರಿಂದ ರಿಸೀವರಿನ ಕ್ರಾಸ್‌ಓವರ್ ಜೊತೆ ಸಲೀಸಾಗಿ ಕೂಡುತ್ತೆ. ಮೂರನೆಯದು ಮಲೆನಾಡಿನವರಿಗೆ ಮಾತ್ರ: ಪೋರ್ಟ್ ಇದ್ದರೆ ಹಲ್ಲಿ ಒಳಗೆ ಸಂಸಾರ ಹೂಡುತ್ತೆ. ನನ್ನ ಮೊದಲ ಬಾಕ್ಸಿನಲ್ಲಿ ಆರು ಮೊಟ್ಟೆ ಸಿಕ್ಕಿದ್ದವು.

ಸೂತ್ರ ಇಷ್ಟೇ. 0.707 ಅನ್ನು ಕ್ಯೂಟಿಎಸ್‌ನಿಂದ ಭಾಗಿಸಿ. ಬಂದ ಸಂಖ್ಯೆಯ ವರ್ಗ ಮಾಡಿ, ಅದರಿಂದ 1 ಕಳೆಯಿರಿ. ವಿಎಎಸ್ ಅನ್ನು ಅದರಿಂದ ಭಾಗಿಸಿ. ಸಿಗುವುದು ಬಾಕ್ಸಿನ ನಿವ್ವಳ ಲೀಟರ್.

ಎಫ್‌ಎಸ್ 42 ಹರ್ಟ್ಸ್, ಕ್ಯೂಟಿಎಸ್ 0.38, ವಿಎಎಸ್ 20 ಲೀಟರ್ ಇರುವ ವೂಫರ್ ಅಂದುಕೊಳ್ಳಿ. ಭಾಗಿಸಿದರೆ 1.86. ವರ್ಗ 3.46. ಒಂದು ಕಳೆದರೆ 2.46. ಇಪ್ಪತ್ತನ್ನು ಅದರಿಂದ ಭಾಗಿಸಿದರೆ 8.1 ಲೀಟರ್. ಬಾಕ್ಸಿನೊಳಗೆ ವೂಫರಿನ ಅನುರಣನ 42 ಗುಣಿಸು 1.86, ಅಂದರೆ 78 ಹರ್ಟ್ಸ್. ನಮಗೆ ಬೇಕಾದ್ದೂ ಅದೇ.

ಇದಕ್ಕೆ ವೂಫರಿನ ಹಿಂಭಾಗ, ಟ್ವೀಟರ್, ಒಳಗಿನ ಅಡ್ಡಪಟ್ಟಿ ನುಂಗುವ ಜಾಗ ಸೇರಿಸಿ. ಒಂದು ಲೀಟರಿನಷ್ಟಾಗುತ್ತೆ. ಒಟ್ಟು 9.2 ಲೀಟರ್ ಹಿಡಿಯೋಣ. ವಿನ್‌ಐಎಸ್‌ಡಿಯಲ್ಲಿ ನಿಮ್ಮ ಡ್ರೈವರಿನ ಸಂಖ್ಯೆ ಹಾಕಿ ಇದೇ ಉತ್ತರ ಬರುತ್ತಾ ನೋಡಿ. ಹತ್ತಿಪ್ಪತ್ತು ಶೇಕಡಾ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಪಟ್ಟು ವ್ಯತ್ಯಾಸ ಬಂದರೆ ಯಾವುದೋ ಸಂಖ್ಯೆ ತಪ್ಪು ಟೈಪಾಗಿದೆ.

## ಹಂತ 4: ಪ್ಲೈವುಡ್ ಮತ್ತು ಕೊಯ್ತ

ಸಾದಾ ಎಂಡಿಎಫ್ ನಮ್ಮ ಕಡೆ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಮನೆಗಳಲ್ಲಿ ಅದರ ಅಂಚು ನೆನೆದ ಬಿಸ್ಕತ್ತಿನಂತೆ ಊದುತ್ತೆ. 18 ಮಿ.ಮೀ. ದಪ್ಪದ, ಐಎಸ್ 710 ಮುದ್ರೆ ಇರುವ ಬಿಡಬ್ಲ್ಯೂಪಿ ಪ್ಲೈವುಡ್ ತನ್ನಿ. ಎಚ್‌ಡಿಎಚ್‌ಎಂಆರ್ ಬೋರ್ಡ್ ಕೂಡ ಆಗುತ್ತೆ, ರೌಟರಿಗೆ ಅದು ಇನ್ನೂ ಚೆಂದ. ಐಎಸ್ 303 ಮುದ್ರೆಯ ಎಂಆರ್ ಪ್ಲೈ ಅಗ್ಗ ಅಂತ ತಂದರೆ ಒಳಪದರಗಳಲ್ಲಿ ಟೊಳ್ಳು ಸಿಗುವುದು ಮಾಮೂಲು. ಅದು ವೂಫರಿನ ತೂತಿನ ಅಂಚಿಗೇ ಬಂದರೆ ಗಾಳಿ ಸೋರುತ್ತೆ.

ಪೂರ್ತಿ ಶೀಟ್ ಬೇಡ, ನಾಲ್ಕು ಚದರಡಿ ಸಾಕು. ಕಿಚನ್ ಕೆಲಸ ನಡೆಯುತ್ತಿರುವ ಮನೆಯಲ್ಲಿ ಕೇಳಿದರೆ ಉಳಿದ ತುಂಡು ಸಿಗುತ್ತೆ. ತಂದ ದಿನವೇ ಕೊಯ್ಯಬೇಡಿ. ಸ್ಪೀಕರ್ ಇಡುವ ಕೋಣೆಯಲ್ಲೇ ಒಂದು ವಾರ ನಿಲ್ಲಿಸಿ, ಮನೆಯ ಹವೆಗೆ ಹೊಂದಿಕೊಳ್ಳಲಿ.

ಮೇಲಿನ 9.2 ಲೀಟರಿಗೆ ತುಂಡುಗಳ ಪಟ್ಟಿ, ಎಲ್ಲ ಮಿ.ಮೀ.ನಲ್ಲಿ:

ಮುಂದಿನ ಮತ್ತು ಹಿಂದಿನ ಹಲಗೆ: 310 × 240, ಎರಡು
ಮೇಲೆ, ಕೆಳಗೆ: 240 × 165, ಎರಡು
ಪಕ್ಕಗಳು: 274 × 165, ಎರಡು
ಒಳಗಿನ ಅಡ್ಡಪಟ್ಟಿ: 204 × 165, ಒಂದು

ಜೋಡಿಸಿದಾಗ ಹೊರಗಿನ ಅಳತೆ 310 ಎತ್ತರ, 240 ಅಗಲ, 201 ಆಳ. ಅಡ್ಡಪಟ್ಟಿಯ ನಡುವೆ ದೊಡ್ಡ ಕಿಟಕಿ ಕೊರೆಯಿರಿ, ಅಂಚಿನಲ್ಲಿ ಮೂರು ಬೆರಳಗಲ ಉಳಿದರೆ ಸಾಕು. ಪ್ಲೈಯ ನಿಜವಾದ ದಪ್ಪವನ್ನು ಕ್ಯಾಲಿಪರ್‌ನಲ್ಲಿ ನೋಡಿ. 18 ಅಂತ ಬರೆದದ್ದು ಎಷ್ಟೋ ಸಲ 17 ಇರುತ್ತೆ. ಒಂದು ಮಿ.ಮೀ. ವ್ಯತ್ಯಾಸ ಇದ್ದರೂ ಪಕ್ಕದ ಹಲಗೆ ಕೂರುವುದಿಲ್ಲ.

ಒಂದೇ ಅಳತೆಯ ಎರಡು ತುಂಡನ್ನು ಗರಗಸದ ಗೈಡ್ ಅಲ್ಲಾಡಿಸದೆ ಒಂದಾದ ಮೇಲೊಂದು ಕೊಯ್ಯಲು ಆಚಾರ್ರಿಗೆ ಹೇಳಿ. ಎರಡೂ 164 ಆದರೆ ತೊಂದರೆ ಇಲ್ಲ. ಒಂದು 164, ಒಂದು 166 ಆದರೆ ಬಾಕ್ಸ್ ಸೊಟ್ಟ. ನಮ್ಮ ಆಚಾರ್ರು ಮೊದಲ ಸಲ ನಕ್ಷೆ ನೋಡಿ "ಇಷ್ಟು ಸಣ್ಣ ಗೂಡಿಗೆ ಇಷ್ಟು ದಪ್ಪ ಹಲಗೆ ಯಾಕೆ ಸಾರ್, ಕೋಳಿ ಓಡಿ ಹೋಗುತ್ತಾ?" ಅಂದಿದ್ದರು. ಕೊಯ್ದು ಕೊಟ್ಟದ್ದು ಮಾತ್ರ ಕೂದಲೆಳೆ ತಪ್ಪಿರಲಿಲ್ಲ.

## ಹಂತ 5: ತೂತು ಕೊರೆಯುವ ಕ್ರಮ

ಇಲ್ಲಿ ಕೆಟ್ಟ ಹಲಗೆಗಳಿಗೆ ಲೆಕ್ಕವಿಲ್ಲ. ಪ್ರತಿ ಡ್ರೈವರಿಗೆ ಎರಡು ವೃತ್ತ ಬೇಕು. ಫ್ರೇಮಿನ ಅಂಚು ಹುದುಗಿ ಕೂರಲು ಹೊರಗಿನ ದೊಡ್ಡ ತಗ್ಗು, ಡ್ರೈವರ್ ಒಳಹೋಗಲು ಪೂರ್ತಿ ತೂತು. ಮೊದಲು ತಗ್ಗು, ಆಮೇಲೆ ತೂತು. ರೌಟರಿನ ಜಿಗ್ ನಿಲ್ಲುವುದು ನಡುವಿನ ಮೊಳೆಯ ಮೇಲೆ. ತೂತು ಮೊದಲು ಕೊರೆದರೆ ನಡುವಿನ ತುಂಡು ಬಿದ್ದು ಹೋಯಿತು, ಮೊಳೆಗೆ ಜಾಗವೇ ಇಲ್ಲ.

ಆರೂವರೆ ಇಂಚಿನ ವೂಫರಿನ ಫ್ರೇಮ್ 165, ಟ್ವೀಟರಿನದು 104 ಮಿ.ಮೀ. ಅಂದುಕೊಂಡರೆ, ವೂಫರಿನ ಕೇಂದ್ರ ಕೆಳ ಅಂಚಿನಿಂದ 98, ಟ್ವೀಟರಿನದು 238ರಲ್ಲಿ ಬರುತ್ತೆ. ಎರಡರ ನಡುವೆ 140 ಮಿ.ಮೀ. ಇದು 2,400 ಹರ್ಟ್ಸ್‌ನ ಒಂದು ತರಂಗದ ಉದ್ದದಷ್ಟು. ಇದಕ್ಕಿಂತ ದೂರ ಇಟ್ಟರೆ ಕ್ರಾಸ್‌ಓವರ್ ಜಾಗದಲ್ಲಿ ಎರಡೂ ಬೇರೆ ಬೇರೆಯಾಗಿ ಕೇಳಿಸಲು ಶುರುವಾಗುತ್ತೆ. ಒಳಗಿನ ಅಡ್ಡಪಟ್ಟಿ ಎರಡು ತೂತುಗಳ ನಡುವೆ, ಕೆಳ ಅಂಚಿನಿಂದ 177ರಿಂದ 195ರ ಜಾಗದಲ್ಲಿ ಕೂರುತ್ತೆ. ನಿಮ್ಮ ಡ್ರೈವರ್ ಕೈಗೆ ಬಂದ ಮೇಲೆ ಅದನ್ನೇ ಅಳೆದು ಈ ಸಂಖ್ಯೆಗಳನ್ನು ತಿದ್ದಿಕೊಳ್ಳಿ. ಡೇಟಾ ಶೀಟಿನ ಚಿತ್ರ ನಂಬಿ ಕೊರೆಯಬೇಡಿ.

ಮೊದಲು ಯಾವುದಾದರೂ ಹಳೇ ತುಂಡಿನ ಮೇಲೆ ಒಂದು ತಗ್ಗು ತೆಗೆದು ಡ್ರೈವರ್ ಕೂರಿಸಿ ನೋಡಿ. ಉಗುರು ಆಡಿಸಿದರೆ ಫ್ರೇಮ್ ಮತ್ತು ಮರ ಸಮಮಟ್ಟ ಅನ್ನಿಸಬೇಕು.

ವೂಫರ್ ತೂತಿನ ಹಿಂಬದಿಯ ಅಂಚನ್ನು 45 ಡಿಗ್ರಿ ಇಳಿಜಾರಾಗಿ ತೆಗೆಯಿರಿ. 18 ಮಿ.ಮೀ. ದಪ್ಪದ ಕೊಳವೆಯೊಳಗೆ ಕೋನ್ ಸಿಕ್ಕಿಕೊಂಡರೆ ಹಿಂದಿನ ಗಾಳಿ ಸಲೀಸಾಗಿ ಆಡುವುದಿಲ್ಲ. ಸ್ಕ್ರೂ ಬರುವ ಜಾಗದಲ್ಲಿ ಮಾತ್ರ ಇಳಿಜಾರು ಬೇಡ, ಮರ ಉಳಿಯಲಿ.

## ಹಂತ 6: ಅಂಟು, ಒಣಗು, ಊದುಬತ್ತಿ

ಫೆವಿಕಾಲ್ ಮರೈನ್ ಹಚ್ಚಿ, ಕ್ಲ್ಯಾಂಪ್ ಬಿಗಿ ಮಾಡಿ, ಮೂಲೆಯಿಂದ ಮೂಲೆಗೆ ಕರ್ಣ ಅಳೆಯಿರಿ. ಎರಡು ಕರ್ಣವೂ ಒಂದೇ ಇದ್ದರೆ ಬಾಕ್ಸ್ ನೆಟ್ಟಗಿದೆ. ಮಳೆಗಾಲದಲ್ಲಿ ಕ್ಲ್ಯಾಂಪನ್ನು ಪೂರ್ತಿ ಒಂದು ದಿನ ಬಿಡಿ. ಎಲ್ಲ ಒಳಮೂಲೆಗಳಿಗೂ ಬೆರಳಿನಲ್ಲಿ ಇನ್ನೊಂದು ಸಾಲು ಅಂಟು ಎಳೆಯಿರಿ.

ಹಿಂದಿನ ಹಲಗೆಗೆ ಅಂಟು ಬೇಡ. ತೆಳು ಫೋಮ್ ಟೇಪ್ ಸುತ್ತಲೂ ಅಂಟಿಸಿ, ಎಂಟು ಸ್ಕ್ರೂ ಹಾಕಿ. ಮುಂದೆ ತೆಗೆಯುವುದು ಇದ್ದೇ ಇದೆ. ಆದರೆ ಒಂದು ಸಲ ಒಣಕಲು ಜೋಡಿಸಿ, ಸ್ಕ್ರೂ ತೂತು ಎಲ್ಲ ಮುಂಚೆಯೇ ಕೊರೆದಿಟ್ಟುಕೊಳ್ಳಿ. ಡ್ರೈವರ್ ಒಳಗಿದ್ದಾಗ ಡ್ರಿಲ್ ಹಿಡಿದರೆ ಮರದ ಪುಡಿ ವಾಯ್ಸ್ ಕಾಯಿಲ್ ತನಕ ಹೋಗುತ್ತೆ.

ಒಳಗೆ ತುಂಬಲು ದಿಂಬಿನ ಪಾಲಿಯೆಸ್ಟರ್ ನಾರು 100 ಗ್ರಾಂ ಸಾಕು. ಕೈಯಲ್ಲಿ ಬಿಡಿಸಿ ಸಡಿಲವಾಗಿ ತುಂಬಿ, ತುರುಕಬೇಡಿ. ಅಟ್ಟದ ಮೇಲಿನ ಹಳೇ ಹಾಸಿಗೆಯ ಬೂರುಗದ ಹತ್ತಿ ಬೇಡವೇ ಬೇಡ. ತೇವ ಹಿಡಿದು ಮುದ್ದೆಯಾಗುತ್ತೆ, ಹುಳವೂ ಬರುತ್ತೆ.

ಡ್ರೈವರ್ ಕೂರಿಸುವಾಗ ಎಚ್ಚರ: ಅಯಸ್ಕಾಂತ ಸ್ಕ್ರೂಡ್ರೈವರನ್ನು ಎಳೆಯುತ್ತೆ. ತುದಿ ಜಾರಿದರೆ ನೇರ ಕೋನಿಗೆ. ಒಂದು ಕೈಯನ್ನು ಕೋನಿನ ಮೇಲೆ ಗುರಾಣಿಯಂತೆ ಹಿಡಿದೇ ಸ್ಕ್ರೂ ತಿರುಗಿಸಿ. ನಾನು ಒಂದು ಟ್ವೀಟರಿನ ರೇಷ್ಮೆ ಗುಮ್ಮಟವನ್ನು ಹೀಗೇ ಕಳೆದುಕೊಂಡಿದ್ದೇನೆ.

ಈಗ ಸೋರಿಕೆ ನೋಡಿ. ವೂಫರಿನ ಕೋನನ್ನು ನಾಲ್ಕು ಬೆರಳಿನಿಂದ ಸಮವಾಗಿ, ಮೆಲ್ಲಗೆ ಒತ್ತಿ ಬಿಡಿ. ಒಳಗಿನ ಗಾಳಿ ದಿಂಬಿನಂತೆ ಎದುರು ಒತ್ತಬೇಕು. ಸಲೀಸಾಗಿ ಒಳಹೋದರೆ ಎಲ್ಲೋ ಸೋರುತ್ತಿದೆ. ಜಾಗ ಹುಡುಕಲು 40 ಹರ್ಟ್ಸ್ ಸ್ವರವನ್ನು ಸಣ್ಣ ದನಿಯಲ್ಲಿ ಹಾಕಿ, ಊದುಬತ್ತಿ ಹಚ್ಚಿ ಪ್ರತಿ ಸಂದಿಯ ಹತ್ತಿರ ಹಿಡಿಯಿರಿ. ಹೊಗೆಯ ಎಳೆ ನೆಟ್ಟಗೆ ಏರುತ್ತಿದ್ದದ್ದು ಒಮ್ಮೆಲೇ ನಡುಗಿದರೆ ಸಂದಿ ಅಲ್ಲೇ ಇದೆ. ಬಹಳ ಸಲ ಅದು ಟರ್ಮಿನಲ್ ಕಪ್ಪಿನ (ತಂತಿ ಸಿಗಿಸುವ ಬಟ್ಟಲಿನ) ಅಂಚು.

## ಹಂತ 7: ಅಳತೆ

ಬಾಕ್ಸ್ ಇದೆ, ಡ್ರೈವರ್ ಇದೆ, ಕ್ರಾಸ್‌ಓವರ್ ಇಲ್ಲ. ವೂಫರಿನ ಎರಡು ತಂತಿ, ಟ್ವೀಟರಿನ ಎರಡು ತಂತಿ ಬೇರೆ ಬೇರೆ ಹೊರಗೆ ಬಂದಿರಲಿ. ಟ್ವೀಟರಿಗೆ ಸರಣಿಯಲ್ಲಿ 20 ಮೈಕ್ರೋಫ್ಯಾರಡ್ ಆಸುಪಾಸಿನ ನಾನ್-ಪೋಲಾರ್ (ಪ್ಲಸ್ ಮೈನಸ್ ಗುರುತಿಲ್ಲದ) ಕೆಪಾಸಿಟರ್ ಒಂದನ್ನು ಕಾವಲಿಗೆ ಹಾಕಿ, ಸ್ವೀಪನ್ನು (ಕೆಳಸ್ವರದಿಂದ ಮೇಲುಸ್ವರಕ್ಕೆ ಏರುವ ಅಳತೆಯ ಸದ್ದು) 500 ಹರ್ಟ್ಸ್‌ನಿಂದ ಶುರು ಮಾಡಿ. ಅದಿಲ್ಲದೆ 20 ಹರ್ಟ್ಸ್‌ನಿಂದ ಜೋರಾಗಿ ಓಡಿಸಿದರೆ ಟ್ವೀಟರ್ ಸುಟ್ಟ ವಾಸನೆ ಬರುತ್ತೆ, ಅಷ್ಟೇ.

ಟ್ವೀಟರ್ ನೆಲದಿಂದ 1.2 ಮೀಟರ್ ಎತ್ತರಕ್ಕೆ ಬರುವ ಹಾಗೆ ಸ್ಪೀಕರನ್ನು ಸ್ಟೂಲ್ ಮೇಲೆ, ಗೋಡೆಗಳಿಂದ ದೂರ ಇಡಿ. ಮೈಕ್ ಅದೇ ಎತ್ತರದಲ್ಲಿ, ಟ್ವೀಟರಿನ ಎದುರು 1 ಮೀಟರ್ ದೂರದಲ್ಲಿ. ನೇರ ಬರುವ ಸದ್ದು 1 ಮೀಟರ್ ನಡೆದರೆ, ನೆಲಕ್ಕೆ ಬಡಿದು ಬರುವುದು 2.6 ಮೀಟರ್ ನಡೆಯುತ್ತೆ. ವ್ಯತ್ಯಾಸ 1.6 ಮೀಟರ್, ಅಂದರೆ ಸುಮಾರು 4.7 ಮಿಲಿಸೆಕೆಂಡ್. ಸಾಫ್ಟ್‌ವೇರಿನಲ್ಲಿ ಈ 4.7ಕ್ಕೆ ಕಿಟಕಿ ಮುಚ್ಚಿದರೆ, ಅಂದರೆ ಅದರಾಚೆ ಬಂದ ಸದ್ದನ್ನು ಲೆಕ್ಕದಿಂದ ಬಿಟ್ಟರೆ, ಕೋಣೆಯ ಪ್ರತಿಧ್ವನಿ ಹೊರಗೆ ಉಳಿದು, 215 ಹರ್ಟ್ಸ್‌ಗಿಂತ ಮೇಲಿನ ಅಳತೆ ಬರೀ ಸ್ಪೀಕರಿನದ್ದಾಗಿ ಸಿಗುತ್ತೆ. ಅದಕ್ಕಿಂತ ಕೆಳಗಿನದಕ್ಕೆ ಮೈಕನ್ನು ವೂಫರಿನ ಕೋನಿನಿಂದ ಬೆರಳಗಲ ದೂರದಲ್ಲಿಟ್ಟು ಇನ್ನೊಂದು ಸ್ವೀಪ್ ತೆಗೆದು, ಎರಡನ್ನೂ ಸಾಫ್ಟ್‌ವೇರಿನಲ್ಲಿ ಬೆಸೆಯಿರಿ.

ಹಳೇ ಹೆಂಚಿನ ಮನೆ ಇದ್ದವರಿಗೆ ಸೂರು ಎತ್ತರ, ಇದಕ್ಕೆ ಅನುಕೂಲ. ಆದರೆ ಮಳೆ ಶುರುವಾದರೆ ಹೆಂಚಿನ ಸದ್ದಿನಲ್ಲಿ ಅಳತೆ ಮುಗಿದ ಹಾಗೇ. ನಾನು ಬೆಳಗ್ಗೆ ಆರಕ್ಕೆ, ಹಾಲಿನವರು ಬರುವ ಮೊದಲು ಮಾಡಿ ಮುಗಿಸುತ್ತೇನೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ, ಇಲ್ಲದಿದ್ದರೆ ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ 50 ಹರ್ಟ್ಸ್ ಗುಂಯ್ ಸೇರಿಕೊಳ್ಳುತ್ತೆ.

ಮೂರು ಅಳತೆ ಕಡ್ಡಾಯ, ಮೈಕ್ ಕೂದಲೆಳೆಯೂ ಅಲ್ಲಾಡದೆ: ವೂಫರ್ ಒಂದೇ, ಟ್ವೀಟರ್ ಒಂದೇ, ಎರಡೂ ಒಟ್ಟಿಗೆ. ಸ್ವೀಪ್ ಮಟ್ಟವನ್ನೂ ಟ್ವೀಟರಿನ ಕಾವಲು ಕೆಪಾಸಿಟರನ್ನೂ ಮೂರರಲ್ಲೂ ಬದಲಿಸಬೇಡಿ. ಸಾಫ್ಟ್‌ವೇರಿನಲ್ಲಿ ಮೊದಲೆರಡನ್ನು ಕೂಡಿಸಿ, ಮೂರನೆಯದಕ್ಕೆ ಹೊಂದುವ ತನಕ ಟ್ವೀಟರನ್ನು ಕೆಲವು ಮಿಲಿಮೀಟರ್ ಮುಂದೆ ಹಿಂದೆ ಸರಿಸಿ. ವೂಫರಿನ ಸದ್ದು ಎಷ್ಟು ಹಿಂದಿನಿಂದ ಹೊರಡುತ್ತೆ ಅನ್ನುವುದು ಹೀಗೆ ಗೊತ್ತಾಗುತ್ತೆ. ಕ್ಯಾಲ್ಕುಲೇಟರಿಗೆ ಎಂದೂ ತಿಳಿಯದ ಸಂಖ್ಯೆ ಇದು. ಆಮೇಲೆ ಬಾಕ್ಸನ್ನು 15, 30, 45 ಡಿಗ್ರಿ ತಿರುಗಿಸಿ ವೂಫರ್ ಮತ್ತು ಟ್ವೀಟರನ್ನು ಮತ್ತೆ ಅಳೆದಿಡಿ. ಅಜ್ಜಿಯ ಜಾಗ ಮರೆಯಬೇಡಿ.

ಕೊನೆಗೆ ಎರಡೂ ಡ್ರೈವರ್‌ಗಳ ಇಂಪೀಡನ್ಸ್ (ಪ್ರತಿ ಹರ್ಟ್ಸ್‌ನಲ್ಲೂ ಡ್ರೈವರ್ ಒಡ್ಡುವ ವಿದ್ಯುತ್ ತಡೆ, ಓಮ್‌ನಲ್ಲಿ) ಕೂಡ ಅಳೆದು ಫೈಲ್ ಉಳಿಸಿಕೊಳ್ಳಿ.

## ಹಂತ 8: ಕ್ರಾಸ್‌ಓವರ್

ನಾನಿಲ್ಲಿ ಯಾವ ಕಾಯಿಲ್, ಎಷ್ಟು ಮೈಕ್ರೋಫ್ಯಾರಡ್ ಕೆಪಾಸಿಟರ್ ಅನ್ನುವ ಪಟ್ಟಿ ಕೊಡುವುದಿಲ್ಲ. ಬೈಯಬೇಡಿ. ನನ್ನ ಡ್ರೈವರಿಗೆ ಹೊಂದಿದ್ದು ನಿಮ್ಮದಕ್ಕೆ ಹೊಂದಲ್ಲ. ಕ್ಯಾಲ್ಕುಲೇಟರ್ ಸೋಲುವುದೂ ಇಲ್ಲೇ. ಅದು ವೂಫರನ್ನು 8 ಓಮಿನ ರೆಸಿಸ್ಟರ್ ಅಂತ ಭಾವಿಸುತ್ತೆ. ನಿಜವಾದ ವೂಫರ್ 2,000 ಹರ್ಟ್ಸ್‌ನಲ್ಲಿ 12 ಓಮ್ ಇರಬಹುದು, 15 ಇರಬಹುದು. ನನ್ನ ಮೊದಲ ಸ್ಪೀಕರ್ ಕ್ಯಾಲ್ಕುಲೇಟರ್ ಕೂಸೇ. ವರ್ಷದ ನಂತರ ಮೈಕ್ ಇಟ್ಟು ನೋಡಿದರೆ 3,000 ಹರ್ಟ್ಸ್ ಹತ್ತಿರ 10 ಡೆಸಿಬೆಲ್ ಆಳದ ಹಳ್ಳ. "ಸ", "ಶ", "ತ" ಎಲ್ಲ ಅದರಲ್ಲಿ ಬಿದ್ದಿದ್ದವು.

ಅಳತೆಯ ಫೈಲ್‌ಗಳನ್ನು ವಿಟುಯಿಕ್ಸ್‌ಕ್ಯಾಡ್‌ಗೆ ಹಾಕಿ, ಈ ಕ್ರಮದಲ್ಲಿ ನಡೆಯಿರಿ.

ಮೊದಲು ವೂಫರ್. ಒಂದು ಸರಣಿ ಕಾಯಿಲ್, ಒಂದು ಸಮಾಂತರ ಕೆಪಾಸಿಟರ್. 24 ಸೆಂ.ಮೀ. ಅಗಲದ ಹಲಗೆಗೆ ಸುಮಾರು 480 ಹರ್ಟ್ಸ್ ಆಸುಪಾಸಿನಲ್ಲಿ ಸದ್ದು ಹಿಂದಕ್ಕೂ ಸುತ್ತಿಕೊಳ್ಳಲು ಶುರುವಾಗಿ, ಮುಂದೆ ಕೆಳಸ್ವರ ಕಡಿಮೆಯಾಗುತ್ತೆ. ಕಾಯಿಲ್ ಸ್ವಲ್ಪ ದೊಡ್ಡದಿಟ್ಟು ಮೇಲ್ಭಾಗವನ್ನು ತಗ್ಗಿಸಿದರೆ ಎರಡೂ ಸಮವಾಗುತ್ತವೆ. ಗೋಡೆಗೆ ಅಂಟಿಸಿ, ಗೂಡಿನಲ್ಲಿ ಇಡುವವರು ಇದನ್ನು ಅರ್ಧಕ್ಕೆ ನಿಲ್ಲಿಸಿ. ಪೂರ್ತಿ ಸರಿಪಡಿಸಿದರೆ ಗಂಡಸರ ದನಿ ಎಲ್ಲ ಮಡಿಕೆಯೊಳಗಿಂದ ಬಂದ ಹಾಗೆ ಕೇಳುತ್ತೆ.

ಆಮೇಲೆ ಟ್ವೀಟರ್. ಅದರ ಎಫ್‌ಎಸ್‌ನ ಎರಡು ಪಟ್ಟಿಗಿಂತ ಕೆಳಗೆ ಕ್ರಾಸ್ ಮಾಡಬೇಡಿ. ಎಫ್‌ಎಸ್ 1,000 ಇದ್ದರೆ 2,200ರಿಂದ 2,400 ಒಳ್ಳೆಯ ಜಾಗ. ಟ್ವೀಟರ್ ಸಾಮಾನ್ಯವಾಗಿ ವೂಫರಿಗಿಂತ ಜೋರು, ಎರಡು ರೆಸಿಸ್ಟರಿನ ಎಲ್-ಪ್ಯಾಡ್ ಹಾಕಿ ತಗ್ಗಿಸಿ.

ಗುರಿ ಏನು? ಎರಡರ ಇಳಿಜಾರೂ ಕ್ರಾಸ್ ಜಾಗದಲ್ಲಿ ಆಕ್ಟೇವಿಗೆ (ಹರ್ಟ್ಸ್ ಎರಡು ಪಟ್ಟಾಗುವ ಅಂತರಕ್ಕೆ) 24 ಡೆಸಿಬೆಲ್‌ನಂತೆ ಇಳಿದು, ತಲಾ 6 ಡೆಸಿಬೆಲ್ ಕೆಳಗೆ ಒಂದನ್ನೊಂದು ದಾಟಬೇಕು. ಪರೀಕ್ಷೆ ಸುಲಭ. ಟ್ವೀಟರಿನ ಪ್ಲಸ್ ಮೈನಸ್ ಅದಲು ಬದಲು ಮಾಡಿ. ಕ್ರಾಸ್ ಜಾಗದಲ್ಲಿ 20 ಡೆಸಿಬೆಲ್‌ಗಿಂತ ಆಳದ ಬಾವಿ ತೆರೆದರೆ ಎರಡೂ ಹೆಜ್ಜೆ ಹಾಕುವುದು ಸಮ ಇದೆ ಅಂತ ಅರ್ಥ. ಬಾವಿ ಆಳ ಇಲ್ಲ ಅಥವಾ ಪಕ್ಕಕ್ಕೆ ಜಾರಿದೆ ಅಂದರೆ ಮತ್ತೆ ತಿದ್ದಿ. ಇಂಪೀಡನ್ಸ್ ಗೆರೆಯನ್ನೂ ನೋಡಿ, 5 ಓಮ್‌ಗಿಂತ ಕೆಳಗೆ ಎಲ್ಲೂ ಇಳಿಯದಿರಲಿ.

ಸಾಮಾನಿನ ವಿಷಯ. ಟ್ವೀಟರ್ ಸಾಲಿನ ಕೆಪಾಸಿಟರಿಗೆ ಸೀಲಿಂಗ್ ಫ್ಯಾನಿನ ಹೊಸ ಕೆಪಾಸಿಟರ್ ನಡೆಯುತ್ತೆ. ನಗಬೇಡಿ, ಅದೂ ಪಾಲಿಪ್ರಾಪಿಲೀನೇ, 440 ವೋಲ್ಟ್ ತಡೆಯುವಂಥದ್ದು. 2.5 ಮತ್ತು 3.15 ಮೈಕ್ರೋಫ್ಯಾರಡ್ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತೆ, ಸಮಾಂತರ ಜೋಡಿಸಿ ಬೇಕಾದ್ದು ಮಾಡಿಕೊಳ್ಳಿ. ಹಳೇ ಫ್ಯಾನಿನಿಂದ ಕಿತ್ತದ್ದು ಬೇಡ, ಮೈಕ್ರೋಫ್ಯಾರಡ್ ಕುಸಿದಿರುತ್ತೆ. ಕಾಯಿಲ್‌ಗಳನ್ನು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಎನಾಮಲ್ ತಂತಿ ತೂಕಕ್ಕೆ ತಂದು ಸುತ್ತಿಕೊಳ್ಳಬಹುದು. ಎಲ್‌ಸಿಆರ್ ಮೀಟರ್ ಹಿಡಿದು, ಜಾಸ್ತಿ ಸುತ್ತಿ, ಒಂದೊಂದೇ ಸುತ್ತು ಬಿಚ್ಚುತ್ತಾ ಬೇಕಾದ ಸಂಖ್ಯೆಗೆ ತನ್ನಿ. ರೆಸಿಸ್ಟರ್‌ಗಳು 10 ವಾಟಿನವು.

ಎರಡು ತಪ್ಪು ಮತ್ತೆ ಮತ್ತೆ ನೋಡುತ್ತೇನೆ. ಪ್ಲಸ್ ಮೈನಸ್ ಗುರುತಿರುವ ಸಾದಾ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಹಾಕುವುದು ಒಂದು, ಅದು ಬಿಸಿಯಾಗಿ ಊದುತ್ತೆ. ಎರಡು ಕಾಯಿಲ್‌ಗಳನ್ನು ಒಂದರ ಪಕ್ಕ ಒಂದು ಮಲಗಿಸುವುದು ಇನ್ನೊಂದು. ಒಂದರ ಕಾಂತಕ್ಷೇತ್ರ ಇನ್ನೊಂದರೊಳಗೆ ನುಗ್ಗಿ ಲೆಕ್ಕವೆಲ್ಲ ತಪ್ಪುತ್ತೆ. ಒಂದನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ, ನಡುವೆ ಗೇಣು ಜಾಗ ಬಿಡಿ.

ಬೆಸುಗೆಗೆ ಮೊದಲು ಎಲ್ಲವನ್ನೂ ಕ್ಲಿಪ್ ತಂತಿಯಲ್ಲಿ ಬಾಕ್ಸಿನ ಹೊರಗೆ ಜೋಡಿಸಿ, ಮತ್ತೆ ಅಳೆದು, ಎರಡು ವಾರ ಕೇಳಿ. ಬೋರ್ಡನ್ನು ಹಿಂದಿನ ಹಲಗೆಯ ಹೊರಗೇ ಒಂದು ಸಣ್ಣ ಪೆಟ್ಟಿಗೆಯಲ್ಲಿ ಬಿಟ್ಟರೂ ತಪ್ಪಿಲ್ಲ. ನನ್ನದು ಇನ್ನೂ ಹಾಗೇ ಇದೆ.

## ಹಂತ 9: ಪಾಲಿಶ್

ಡ್ರೈವರ್ ತೆಗೆದಿಟ್ಟು ಮಾಡಿ. ಜುಲೈ, ಆಗಸ್ಟ್‌ನಲ್ಲಿ ಎನ್‌ಸಿ ಲ್ಯಾಕರ್ ಹೊಡೆಸಬೇಡಿ. ಗಾಳಿಯ ತೇವ ಸೇರಿ ಮಂಜು ಕವಿದ ಹಾಗೆ ಬೆಳ್ಳಗಾಗುತ್ತೆ. ನವೆಂಬರ್ ತನಕ ಕಾಯಿರಿ, ಅಲ್ಲಿಯವರೆಗೆ ಬರೀ ಪ್ಲೈಯಲ್ಲಿ ಕೇಳಿದರೆ ಸ್ಪೀಕರಿಗೇನೂ ಬೇಸರವಿಲ್ಲ.

## ಹಂತ 10: ಇಡುವುದು ಮತ್ತು ರಿಸೀವರ್

ಮುಂದಿನ ಮುಖ ಸ್ಟ್ಯಾಂಡಿನ ಅಂಚಿಗೆ ಸಮ ಬರಲಿ, ಇಲ್ಲವೇ ಒಂದು ಬೆರಳು ಮುಂದೆ. ಒಳಗೆ ತಳ್ಳಿದರೆ ಮುಂದೆ ಉಳಿದ ಸ್ಟ್ಯಾಂಡಿನ ಹಲಗೆಗೆ ಸದ್ದು ಬಡಿದು ಮಾತು ಮಸುಕಾಗುತ್ತೆ. ಸ್ಪೀಕರ್ 45 ಸೆಂ.ಮೀ. ಎತ್ತರದಲ್ಲಿ, ಕಿವಿ 100 ಸೆಂ.ಮೀ.ನಲ್ಲಿ, ದೂರ 3 ಮೀಟರ್ ಇದ್ದರೆ ಮುಖ 10 ಡಿಗ್ರಿ ಮೇಲಕ್ಕೆ ಬೇಕು. 20 ಸೆಂ.ಮೀ. ಆಳದ ಬಾಕ್ಸಿಗೆ ಮುಂಭಾಗದಲ್ಲಿ ಮೂರೂವರೆ ಸೆಂ.ಮೀ. ರಬ್ಬರ್ ತುಂಡು ಕೊಟ್ಟರೆ ಆಯಿತು. ಸರಿ ಬಂತಾ ನೋಡಲು ಟ್ವೀಟರಿನ ಪಕ್ಕ ಮೊಬೈಲ್ ಟಾರ್ಚ್ ಇಟ್ಟು ಸೋಫಾದಲ್ಲಿ ಕೂತು ನೋಡಿ, ಬೆಳಕು ನೇರ ಕಣ್ಣಿಗೆ ಹೊಡೆಯಬೇಕು.

ತಂತಿ ಜೋಡಿಸುವಾಗ ರಿಸೀವರ್ ಆಫ್ ಇರಲಿ. ಪ್ಲಸ್ ಮೈನಸ್ ಅನುಮಾನ ಇದ್ದರೆ, ರಿಸೀವರಿನಿಂದ ಬಿಡಿಸಿದ ತಂತಿಗಳಲ್ಲಿ ಪ್ಲಸ್ ಅಂದುಕೊಂಡದ್ದಕ್ಕೆ 1.5 ವೋಲ್ಟ್ ಸೆಲ್ಲಿನ ಪ್ಲಸ್, ಇನ್ನೊಂದಕ್ಕೆ ಮೈನಸ್ ಕ್ಷಣಕಾಲ ಮುಟ್ಟಿಸಿ, ವೂಫರ್ ಹೊರಕ್ಕೆ ಹಾರಿದರೆ ಸರಿ.

ಮೆನುವಿನಲ್ಲಿ ಸೆಂಟರನ್ನು "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್. ಆಟೋ ಸೆಟಪ್ ಮುಗಿದ ಮೇಲೆ ಮತ್ತೆ ಹೋಗಿ ನೋಡಿ, ಕೆಲವು ರಿಸೀವರ್ ತಾನಾಗಿ "ಲಾರ್ಜ್" ಮಾಡಿಬಿಟ್ಟಿರುತ್ತೆ. ದೂರವನ್ನು ಟೇಪಿನಲ್ಲಿ ಅಳೆದು ಹಾಕಿ. ಮೂರೂ ಮುಂದಿನ ಸ್ಪೀಕರ್‌ಗಳ ಟೆಸ್ಟ್ ಟೋನ್ ಸೋಫಾದಲ್ಲಿ 75 ಡೆಸಿಬೆಲ್ ತೋರಿಸಲಿ. ಮಾತು ತೆಳು ಅನ್ನಿಸಿದರೆ ಸೆಂಟರಿಗೆ ಒಂದೋ ಎರಡೋ ಡೆಸಿಬೆಲ್ ಹೆಚ್ಚು ಕೊಡಿ. ಐದು ಕೊಡಬೇಕು ಅನ್ನಿಸಿದರೆ ತಪ್ಪು ಹಂತ 8ರಲ್ಲಿದೆ, ಮೈಕ್ ಮತ್ತೆ ಹೊರಗೆ ತೆಗೆಯಿರಿ.

ಒಂದು ಮಳೆಗಾಲ ಕಳೆದ ಮೇಲೆ ಹಿಂದಿನ ಹಲಗೆಯ ಎಂಟು ಸ್ಕ್ರೂ ಮತ್ತು ಡ್ರೈವರಿನ ಸ್ಕ್ರೂಗಳನ್ನು ಕಾಲು ಸುತ್ತು ಬಿಗಿ ಮಾಡಿ, ಊದುಬತ್ತಿ ಇನ್ನೊಮ್ಮೆ ಹಿಡಿಯಿರಿ. ಫೋಮ್ ಟೇಪ್ ಮೊದಲ ವರ್ಷ ಕುಗ್ಗುತ್ತೆ.